ಕಾಲು ಮೈಲಿಯ ಇತಿಹಾಸ

ಇತಿಹಾಸವೆಂದರೆ ಅರಸುಮನೆತನಗಳ ಏಳುಬೀಳಿನ ಕಥೆಯೆಂಬ ಭಾವನೆ ನಮ್ಮಲ್ಲಿ ಈಗ ಅಷ್ಟಾಗಿ ಉಳಿದಿಲ್ಲ. ನೇಗಿಲಿಗೆ ಇತಿಹಾಸವಿದೆ, ಮಗ್ಗಕ್ಕಿದೆ, ಗಾಣಕ್ಕೂ ಬಂಡಿಗೂ ಇದೆ. ಅವುಗಳನ್ನು ಮಾಡಿದ ಕೈಗಳ ಹೆಸರು ಮಾತ್ರ ಶಾಸನಗಳಲ್ಲಿ ಅಪರೂಪ. ಇಂದು ನಾನು ಹೇಳಹೊರಟಿರುವುದು ಕಾಲದಲ್ಲಿ ನಮಗೆ ಹತ್ತಿರದ, ನೆಲದಲ್ಲಿ ನಮಗೆ ದೂರದ ಇಂಥದೊಂದು ಕೈಕಸುಬಿನ ಚರಿತ್ರೆಯನ್ನು. ಅಮೆರಿಕದ ಪಶ್ಚಿಮ ತೀರದ ಕ್ಯಾಲಿಫೋರ್ನಿಯ ರಾಜ್ಯದಲ್ಲಿ, ಕೈಯಲ್ಲಿ ಹಣವಿಲ್ಲದ ಹುಡುಗರು ಗುಜರಿಯ ಕಾರುಗಳನ್ನು ಬಿಚ್ಚಿ, ಮತ್ತೆ ಜೋಡಿಸಿ, ಕಾಲು ಮೈಲಿಯ ನೇರ ಹಾದಿಯಲ್ಲಿ ಇಬ್ಬಿಬ್ಬರಾಗಿ ಓಡಿಸಿ, ಅದರಿಂದ ಒಂದು ಪಂದ್ಯವನ್ನೂ ಒಂದು ವಿದ್ಯೆಯನ್ನೂ ಕಟ್ಟಿದ ಕಥೆ ಇದು. ಆ ಪಂದ್ಯಕ್ಕೆ ಡ್ರ್ಯಾಗ್ ರೇಸ್ ಎಂದು ಹೆಸರು.

ಜೀವಮಾನವೆಲ್ಲ ಹಳಗನ್ನಡದ ಪಾಠ ಹೇಳಿದವನಿಗೆ ಎಂಜಿನ್ನಿನ ಗೊಡವೆಯೇಕೆ ಎಂದು ಕೆಲವರು ಕೇಳಿಯಾರು. ಹತ್ತು ಓಲೆಪ್ರತಿಗಳನ್ನು ಎದುರಿಗಿಟ್ಟುಕೊಂಡು ಒಂದು ಪದ್ಯದ ಪಾಠವನ್ನು ಸರಿಪಡಿಸುವವನಿಗೂ, ಹತ್ತು ಹಳೆಯ ಕಾರುಗಳಿಂದ ಒಂದೊಂದು ಭಾಗವನ್ನು ಆಯ್ದು ಒಂದು ಕಾರನ್ನು ನಿಲ್ಲಿಸುವವನಿಗೂ ಸ್ವಭಾವದಲ್ಲಿ ಬಹಳ ಅಂತರವಿಲ್ಲ. ಇಬ್ಬರಿಗೂ ಬೇಕಾದುದು ತಾಳ್ಮೆ, ಮತ್ತು ಹೊಂದದ್ದನ್ನು ಬಿಟ್ಟುಬಿಡುವ ಧೈರ್ಯ. ಇನ್ನು, ಡ್ರ್ಯಾಗ್ ಎಂಬ ಪದಕ್ಕೆ ಎಳೆ ಎಂದು ಅರ್ಥ. ವೇಗದ ಪಂದ್ಯಕ್ಕೆ ಎಳೆದಾಟದ ಹೆಸರು ಹೇಗೆ ಬಂತು? ಊರಿನ ಮುಖ್ಯ ಬೀದಿಗೆ ಅಮೆರಿಕದ ಆಡುಮಾತಿನಲ್ಲಿ ಆ ಪದವಿತ್ತು, ಬೀದಿಯ ಪಂದ್ಯಕ್ಕೆ ಬೀದಿಯ ಹೆಸರೇ ಅಂಟಿಕೊಂಡಿತು ಎನ್ನುವವರುಂಟು. ‘ನಿನ್ನ ಗಾಡಿಯನ್ನು ಕೊಟ್ಟಿಗೆಯಿಂದ ಈಚೆಗೆ ಎಳೆ, ನೋಡಿಯೇಬಿಡೋಣ’ ಎಂಬ ಸವಾಲಿನಿಂದ ಬಂತೆನ್ನುವವರೂ ಉಂಟು. ಎರಡನೆಯದು ಕಿವಿಗೆ ಹಿತ, ಮೊದಲನೆಯದು ಬುದ್ಧಿಗೆ ಹಿತ.

ಪಂದ್ಯದ ನಿಯಮ ಮಗುವಿಗೂ ತಿಳಿಯುವಂಥದು. ಒಮ್ಮೆಗೆ ಎರಡು ಕಾರುಗಳು. ನಿಂತ ನಿಲುವಿನಿಂದ ಹೊರಟು 1320 ಅಡಿ, ಎಂದರೆ ಸುಮಾರು 402 ಮೀಟರು, ನೇರವಾಗಿ ಓಡಬೇಕು. ತಿರುವಿಲ್ಲ, ಸುತ್ತಿಲ್ಲ. ಮೊದಲು ಗೆರೆ ದಾಟಿದವನು ಮುಂದಿನ ಸರದಿಗೆ, ಸೋತವನು ಮನೆಗೆ. ಪ್ರತಿಯೊಂದು ಓಟಕ್ಕೂ ಎರಡು ಅಂಕಿಗಳನ್ನು ಬರೆದಿಡುತ್ತಾರೆ: ಹಾದಿಯನ್ನು ಮುಗಿಸಲು ಹಿಡಿದ ಕಾಲ ಒಂದು, ಕೊನೆಯ ಗೆರೆಯ ಬಳಿ ಇದ್ದ ವೇಗ ಇನ್ನೊಂದು. ಇವೆರಡೂ ಒಂದೇ ಎಂದು ಹೊರಗಿನವರು ಭಾವಿಸುವುದುಂಟು. ಹಾಗಲ್ಲ. ವೇಗವು ಎಂಜಿನ್ನಿನ ಬಲವನ್ನು ಹೇಳುತ್ತದೆ; ಕಾಲವು ಆ ಬಲವನ್ನು ನೆಲಕ್ಕೆ ಮುಟ್ಟಿಸಿದ ಜಾಣತನವನ್ನು ಹೇಳುತ್ತದೆ. ಬಲವಿದ್ದೂ ಸೋತವರು ಈ ಆಟದಲ್ಲಿ ಅಸಂಖ್ಯ.

ಈ ಕಥೆಯ ಬೇರು ಹೆನ್ರಿ ಫೋರ್ಡನ ಮಾಡೆಲ್ ಟಿ ಕಾರಿನಲ್ಲಿದೆ. 1908ರಿಂದ 1927ರವರೆಗೆ ಒಂದೂವರೆ ಕೋಟಿಗೂ ಮೀರಿ ತಯಾರಾದ ಈ ಕಾರಿನ ಎಂಜಿನ್ನಿಗೆ 20 ಅಶ್ವಶಕ್ತಿ. ಅದು ಸಿರಿವಂತರ ಕಾರಲ್ಲ. ರೈತನೂ ಬಡಗಿಯೂ ಕೊಳ್ಳಬಹುದಾಗಿದ್ದ ಕಾರು. ಅಷ್ಟು ಸಂಖ್ಯೆಯಲ್ಲಿ ಹುಟ್ಟಿದ ವಸ್ತು ಅಷ್ಟೇ ಸಂಖ್ಯೆಯಲ್ಲಿ ಮುದಿಯಾಗಲೇಬೇಕಷ್ಟೆ. 1930ರ ದಶಕದ ಆರ್ಥಿಕ ಮುಗ್ಗಟ್ಟಿನ ಹೊತ್ತಿಗೆ ಟಿ ಮತ್ತು ಅದರ ತಮ್ಮನಾದ ಮಾಡೆಲ್ ಎ ಕಾರುಗಳು ಅಲ್ಲಿನ ಗುಜರಿಗಳಲ್ಲಿ ರಾಶಿ ಬಿದ್ದಿದ್ದವು. ಹುಡುಗರು ಅವನ್ನು ಅಗ್ಗಕ್ಕೆ ತಂದು, ಮಡ್‌ಗಾರ್ಡು, ಮೇಲ್ಛಾವಣಿ, ಮುಂಗಾಜು ಎಲ್ಲವನ್ನೂ ಕಿತ್ತೆಸೆದು, ಲಾಸ್ ಏಂಜಲಿಸ್ ನಗರದಿಂದ ಸುಮಾರು ನೂರು ಮೈಲಿ ದೂರದ ಮೊಹಾವೆ ಮರುಭೂಮಿಗೆ ರಾತ್ರಿಯೆಲ್ಲ ಓಡಿಸಿಕೊಂಡು ಹೋಗುತ್ತಿದ್ದರು. ಅಲ್ಲಿ ಮುರಾಕ್ ಎಂಬ ಒಣಗಿದ ಕೆರೆಯ ಅಂಗಳ. ಸುಟ್ಟ ಹೆಂಚಿನಂತೆ ಗಟ್ಟಿಯಾದ ಮಣ್ಣು, ಮೈಲಿಗಟ್ಟಲೆ ಸಮತಟ್ಟು. 1937ರಲ್ಲಿ ಹಲವು ಹುಡುಗರ ಸಂಘಗಳು ಒಂದುಗೂಡಿ ದಕ್ಷಿಣ ಕ್ಯಾಲಿಫೋರ್ನಿಯ ಟೈಮಿಂಗ್ ಅಸೋಸಿಯೇಷನ್ ಎಂಬ ಮಂಡಲಿಯನ್ನು ಕಟ್ಟಿಕೊಂಡವು. ಮರುವರ್ಷ ಅದರ ಮೊದಲ ಕೂಟ ಮುರಾಕ್‌ನಲ್ಲಿ ನಡೆಯಿತು. ಆದರೆ ಅಲ್ಲಿ ನಡೆಯುತ್ತಿದ್ದುದು ನಮ್ಮ ಕಾಲು ಮೈಲಿಯ ಓಟವಲ್ಲ. ದೂರದಿಂದ ಓಡಿ ಬಂದು, ತುಂಬು ವೇಗದಲ್ಲಿ ಗಡಿಯಾರದ ಮುಂದೆ ಹಾಯುವ ಪರೀಕ್ಷೆ. ಸೈನ್ಯದವರು ಮುರಾಕನ್ನು ತಮ್ಮದಾಗಿಸಿಕೊಂಡ ಮೇಲೆ ಆಟ ಎಲ್ ಮಿರಾಜ್ ಎಂಬ ಇನ್ನೊಂದು ಒಣಕೆರೆಗೆ ಹೋಯಿತು. 1947ರಲ್ಲಿ ಚಕ್ ಯೇಗರ್ ವಿಮಾನದಲ್ಲಿ ಶಬ್ದದ ವೇಗವನ್ನು ಮೀರಿದ್ದು ಇದೇ ಮುರಾಕ್‌ನ ಆಕಾಶದಲ್ಲಿ ಎಂಬುದನ್ನು ನೆನೆದಾಗ, ಆ ನೆಲಕ್ಕೇ ಏನೋ ವೇಗದ ಚಟವಿದ್ದಂತೆ ತೋರುತ್ತದೆ.

1932ರಲ್ಲಿ ಫೋರ್ಡನ ಕಾರ್ಖಾನೆಯಿಂದ ಎಂಟು ಸಿಲಿಂಡರಿನ ಹೊಸ ಎಂಜಿನ್ ಹೊರಬಂತು. 221 ಘನ ಅಂಗುಲದ ಅಳತೆ, 65 ಅಶ್ವಶಕ್ತಿ. ಅದುವರೆಗೆ ಎಂಟು ಸಿಲಿಂಡರು ಎಂದರೆ ಸಿರಿವಂತರ ಸೊತ್ತು. ಫೋರ್ಡ್ ಅದನ್ನು ಸಾಮಾನ್ಯನ ಕಾರಿಗೆ ಇಳಿಸಿದ. ಇದರಲ್ಲಿ ಕವಾಟಗಳು ಸಿಲಿಂಡರಿನ ಪಕ್ಕದಲ್ಲೇ ಇರುವುದರಿಂದ ಮೇಲಿನ ಹೆಡ್ಡು ಬರಿಯ ಒಂದು ಚಪ್ಪಟೆ ಮುಚ್ಚಳ. ಮನೆಯಲ್ಲಿ ಕೆಲಸ ಮಾಡುವವನಿಗೆ ಇದೊಂದು ವರ. ಮುಚ್ಚಳವನ್ನು ಬಿಚ್ಚಿ, ಅದರ ತಳವನ್ನು ಸ್ವಲ್ಪ ತರೆದರೆ ಸಾಕು, ಮಿಶ್ರಣ ಇನ್ನಷ್ಟು ಒತ್ತಲ್ಪಟ್ಟು ಬಲ ಹೆಚ್ಚುತ್ತದೆ. ಸಿಲಿಂಡರುಗಳನ್ನು ಕೊರೆದು ಅಗಲಿಸಬಹುದು. ಇದರ ದಾಯಾದಿಯಾದ ಮರ್ಕ್ಯುರಿ ಕಾರಿನ ಎಂಜಿನ್ 1949ರಲ್ಲಿ 255 ಘನ ಅಂಗುಲಕ್ಕೆ ಬೆಳೆದಿತ್ತು. ಹುಡುಗರು ಅದನ್ನು ಕೊರೆದು, ಕ್ರ್ಯಾಂಕಿನ ನಡೆಯನ್ನು ಉದ್ದಮಾಡಿ 296 ಘನ ಅಂಗುಲಕ್ಕೆ ಏರಿಸಿದರು. ಒಂದು ಕಾರ್ಬ್ಯುರೇಟರಿದ್ದ ಕಡೆ ಎರಡು, ಮೂರು ನಿಲ್ಲಿಸಿದರು.

ಹುಡುಗರ ಈ ಬೇಡಿಕೆಯೇ ಕೆಲವರಿಗೆ ಜೀವನೋಪಾಯವಾಯಿತು. ವಿಕ್ ಎಡೆಲ್‌ಬ್ರಾಕ್ ಎಂಬ ಗರಾಜಿನವನು ಎರಡು ಕಾರ್ಬ್ಯುರೇಟರು ಹಿಡಿಸುವ ಎರಕದ ಕೊಳವೆಗಳನ್ನು ಮಾಡಿ ಮಾರಿದ. ಅರ್ಮೇನಿಯದಿಂದ ಬಂದ ಮನೆತನದ ಎಡ್ ಇಸ್ಕೆಂಡೇರಿಯನ್, ಯುದ್ಧ ಮುಗಿದು ಬಂದ ಮೇಲೆ, ಒಂದು ಸಾಮಾನ್ಯ ಸಾಣೆಯಂತ್ರವನ್ನು ತನಗೆ ಬೇಕಾದಂತೆ ಮಾರ್ಪಡಿಸಿಕೊಂಡು ಕ್ಯಾಮ್‌ಶಾಫ್ಟುಗಳನ್ನು ಅರೆಯತೊಡಗಿದ. ಕವಾಟ ಯಾವಾಗ ತೆರೆಯಬೇಕು, ಎಷ್ಟು ಹೊತ್ತು ತೆರೆದಿರಬೇಕು ಎಂಬುದನ್ನು ನಿರ್ಧರಿಸುವುದು ಈ ಶಾಫ್ಟಿನ ಉಬ್ಬುಗಳು. ಅವುಗಳ ಆಕಾರವನ್ನು ಕೂದಲೆಳೆಯಷ್ಟು ಬದಲಿಸಿದರೆ ಎಂಜಿನ್ನಿನ ಸ್ವಭಾವವೇ ಬದಲಾಗುತ್ತದೆ. ಛಂದಸ್ಸಿನಲ್ಲಿ ಒಂದು ಮಾತ್ರೆ ಅತ್ತಿತ್ತಾದರೆ ಪದ್ಯದ ನಡೆ ಬದಲಾಗುವುದಿಲ್ಲವೆ, ಹಾಗೆ.

ಈ ಎಂಜಿನ್ನಿಗೆ ಒಂದು ಹುಟ್ಟುರೋಗವಿತ್ತು. ಸುಟ್ಟ ಅನಿಲ ಹೊರಹೋಗುವ ದಾರಿ ಎಂಜಿನ್ನಿನ ಒಡಲೊಳಗೇ ಹಾದುಹೋಗುತ್ತಿದ್ದುದರಿಂದ ಅದು ಬೇಗ ಕಾಯುತ್ತಿತ್ತು. ಘಟ್ಟ ಹತ್ತುವಾಗ ನೀರು ಕುದಿಯುತ್ತಿತ್ತು. ಆದರೆ ಹನ್ನೆರಡು ಹದಿಮೂರು ಸೆಕೆಂಡಿನ ಓಟದಲ್ಲಿ ಕಾಯಲು ಸಮಯವೆಲ್ಲಿ? ಕಾಲು ಮೈಲಿಯ ಪಂದ್ಯ ಬಡವರ ಪಂದ್ಯವಾದುದಕ್ಕೆ ಇದೂ ಒಂದು ಕಾರಣವೆಂದು ನನಗೆ ತೋರುತ್ತದೆ. ಐನೂರು ಮೈಲಿ ಬಾಳಬೇಕಾದ ಎಂಜಿನ್ನಿಗೆ ಹಣ ಬೇಕು. ಕಾಲು ಮೈಲಿ ಬಾಳಬೇಕಾದ ಎಂಜಿನ್ನಿಗೆ ಧೈರ್ಯ ಸಾಕು.

ಎರಡನೆಯ ಮಹಾಯುದ್ಧ ಮುಗಿದು ಲಕ್ಷಾಂತರ ತರುಣರು ಮನೆಗೆ ಮರಳಿದರು. ವಿಮಾನದ, ಟ್ಯಾಂಕಿನ ಎಂಜಿನ್ನುಗಳನ್ನು ಬಿಚ್ಚಿ ಕಟ್ಟಲು ಸೈನ್ಯ ಅವರಿಗೆ ಕಲಿಸಿತ್ತು. ಮರುಭೂಮಿ ದೂರ, ಊರಿನ ಬೀದಿ ಹತ್ತಿರ. ರಾತ್ರಿಯ ಹೊತ್ತು ಸಾರ್ವಜನಿಕ ರಸ್ತೆಗಳಲ್ಲೇ ಪಂದ್ಯಗಳು ನಡೆದವು, ಸಾವುಗಳೂ ಆದವು. ಪತ್ರಿಕೆಗಳು ಈ ಹುಡುಗರನ್ನು ಪುಂಡರೆಂದು ಕರೆದವು. ಹಾಟ್ ರಾಡ್ ಎಂಬುದು ಅಂದಿಗೆ ಬೈಗುಳದಂಥ ಪದ. ಅದೇ ಬೈಗುಳವನ್ನು ಹೆಸರಾಗಿ ಇಟ್ಟುಕೊಂಡು 1948ರ ಜನವರಿಯಲ್ಲಿ ರಾಬರ್ಟ್ ಪೀಟರ್ಸನ್ ಮತ್ತು ರಾಬರ್ಟ್ ಲಿಂಡ್ಸೆ ಎಂಬ ಇಬ್ಬರು ಒಂದು ಮಾಸಪತ್ರಿಕೆಯನ್ನು ಆರಂಭಿಸಿದರು. ಬೆಲೆ 25 ಸೆಂಟು. ಮರುವರ್ಷ ಅದರ ಸಂಪಾದಕನಾಗಿ ಬಂದವನು ವಾಲಿ ಪಾರ್ಕ್ಸ್. ಕ್ಯಾಮ್‌ಶಾಫ್ಟಿನ ಗುಟ್ಟು, ಕಾರ್ಬ್ಯುರೇಟರಿನ ಜೋಡಣೆ, ಬೆಸುಗೆಯ ಕ್ರಮ ಇವು ಅದುವರೆಗೆ ಕಿವಿಯಿಂದ ಕಿವಿಗೆ ಹೋಗುತ್ತಿದ್ದವು. ಈಗ ಅಚ್ಚಾಗಿ ದೂರದ ಹಳ್ಳಿಯ ಹುಡುಗನಿಗೂ ಸಿಕ್ಕಿದವು. ಗುರುಮುಖದ ವಿದ್ಯೆ ಅಚ್ಚಿನ ಮನೆಗೆ ಬಂದಾಗ ಏನಾಗುತ್ತದೆಂಬುದು ನಮಗೆ ಗೊತ್ತಿಲ್ಲದ ಸಂಗತಿಯೇನಲ್ಲ.

ಬೀದಿಯ ಓಟಕ್ಕೆ ಬದಲಿ ಜಾಗ ಬೇಕಾಗಿತ್ತು. ಅದನ್ನು ಒದಗಿಸಿದ್ದೂ ಯುದ್ಧವೇ. ಯುದ್ಧಕಾಲದಲ್ಲಿ ಕಟ್ಟಿ, ಆಮೇಲೆ ಬೇಡವಾದ ವಿಮಾನದ ಓಡುದಾರಿಗಳು ದೇಶದ ತುಂಬ ಬಿದ್ದಿದ್ದವು. ನಮ್ಮಲ್ಲಿಯೂ ಇದಕ್ಕೊಂದು ಸಮಾಂತರವಿದೆ. ಮದರಾಸಿನ ಬಳಿಯ ಶೋಲಾವರಂನಲ್ಲಿ ಯುದ್ಧಕಾಲದ ಓಡುದಾರಿಯೇ ಹಲವು ದಶಕಗಳ ಕಾಲ ಮೋಟಾರು ಪಂದ್ಯದ ಕಣವಾಗಿತ್ತು; ಮನೆಯಲ್ಲೇ ಚುರುಕುಗೊಳಿಸಿದ ಫಿಯೆಟ್, ಹೆರಾಲ್ಡ್ ಕಾರುಗಳು ಅಲ್ಲಿ ಓಡಿದವು. ಅದು ಸುತ್ತುಹಾದಿಯ ಪಂದ್ಯ, ಇರಲಿ. ಕ್ಯಾಲಿಫೋರ್ನಿಯದ ಸಾಂತಾ ಆನಾ ಎಂಬಲ್ಲಿ 1950ರಲ್ಲಿ ಸಿ. ಜೆ. ಹಾರ್ಟ್ ಎಂಬವನು ಇಬ್ಬರು ಗೆಳೆಯರೊಡನೆ ವಿಮಾನ ನಿಲ್ದಾಣದ ಒಂದು ಓಡುದಾರಿಯನ್ನು ಭಾನುವಾರಗಳ ಮಟ್ಟಿಗೆ ಕೇಳಿ ಪಡೆದ. ಓಡಿಸುವವನಿಗೂ ನೋಡುವವನಿಗೂ ಒಂದೇ ದರ, ಅರ್ಧ ಡಾಲರು. ಹಣ ಕೊಟ್ಟು ಒಳಗೆ ಬರುವ, ನಿಯತವಾಗಿ ನಡೆಯುವ ಡ್ರ್ಯಾಗ್ ಹಾದಿಗಳಲ್ಲಿ ಇದನ್ನೇ ಮೊದಲನೆಯದೆಂದು ಎಣಿಸುತ್ತಾರೆ. ಹಾರ್ಟನ ಹೆಂಡತಿ ಪೆಗಿ ಕಣದ ವ್ಯವಹಾರವನ್ನು ನೋಡಿಕೊಳ್ಳುತ್ತಿದ್ದುದಲ್ಲದೆ, ತಾನೇ ಕಾರು ಹತ್ತಿ ಗಂಡಸರ ಎದುರು ಓಡಿಸುತ್ತಿದ್ದಳು.

ಸಾಂತಾ ಆನಾದ ಮೊದಲ ದಿನಗಳಲ್ಲಿ ಒಂದು ವಿಚಿತ್ರ ನಡೆಯಿತು. ಬಲಿಷ್ಠವಾದ ಕಾರುಗಳನ್ನು ಒಂದು ಮೋಟಾರ್ ಸೈಕಲ್ ಸೋಲಿಸತೊಡಗಿತು. ಅದನ್ನು ಸಿದ್ಧಪಡಿಸಿದವನು ಚೆಟ್ ಹರ್ಬರ್ಟ್. ಪೋಲಿಯೊ ರೋಗದಿಂದ ಕಾಲುಗಳ ಶಕ್ತಿ ಹೋಗಿ ಗಾಲಿಕುರ್ಚಿಯಲ್ಲಿದ್ದವನು. ಆದ್ದರಿಂದ ಹತ್ತಿ ಓಡಿಸುತ್ತಿದ್ದವನು ಬೇರೊಬ್ಬ. ತನಗೆ ನಡೆಯಲಾಗದವನು ಕಟ್ಟಿದ ವಾಹನ ಇಡೀ ಕ್ಯಾಲಿಫೋರ್ನಿಯದ ಕಾರುಗಳನ್ನು ಹಿಂದೆ ಹಾಕಿತು. ಅದರ ಗುಟ್ಟು ತೂಕದಲ್ಲಿತ್ತು. ಹಗುರವಾದ ದೇಹಕ್ಕೆ ಅಲ್ಪಬಲವೂ ಅಧಿಕ. ಇದನ್ನು ಕಂಡ ಡಿಕ್ ಕ್ರಾಫ್ಟ್ ಎಂಬವನು ತನ್ನ ಹಳೆಯ ಫೋರ್ಡಿನಿಂದ ಮೈಹೊದಿಕೆಯನ್ನೆಲ್ಲ ಕಳಚಿ, ಎರಡು ಕಂಬಿಗಳ ಚೌಕಟ್ಟು, ಎಂಜಿನ್, ನಾಲ್ಕು ಗಾಲಿ, ಕೂರಲು ಒಂದು ಆಸನ ಇಷ್ಟನ್ನೇ ಉಳಿಸಿಕೊಂಡು ಬಂದ. ನೋಡಿದವರು ನಕ್ಕಿರಬೇಕು. ಆದರೆ ಮುಂದಿನ ಎಲ್ಲ ಡ್ರ್ಯಾಗ್‌ಸ್ಟರುಗಳ ಮೂಲರೂಪ ಆ ಬತ್ತಲೆ ಗಾಡಿ.

ತೂಕವನ್ನು ಕಳೆದರಷ್ಟೇ ಸಾಲದು, ಉಳಿದ ತೂಕ ಎಲ್ಲಿ ಕೂರಬೇಕೆಂಬುದು ಅದಕ್ಕಿಂತ ಮುಖ್ಯ. ಕಾರನ್ನು ತಳ್ಳುವುದು ಹಿಂದಿನ ಗಾಲಿಗಳು. ನೆಲವನ್ನು ಒತ್ತಿ ಹಿಡಿಯಬೇಕಾದವೂ ಅವೇ. ನಿಂತ ಕಾರು ಥಟ್ಟನೆ ಮುಂದಕ್ಕೆ ನೆಗೆದಾಗ ಅದರ ಭಾರ ಹಿಂದಕ್ಕೆ ವಾಲುತ್ತದೆ. ಹಿಂದೆ ಹೇರು ಹೆಚ್ಚಾದ ಬಂಡಿಯ ಮೂಕಿ ಮೇಲೇಳುವುದನ್ನು ನಮ್ಮ ಹಳ್ಳಿಯವರು ಬಲ್ಲರು. ಇಲ್ಲಿ ಬೇಕಾಗಿರುವುದು ಅದೇ, ಆದರೆ ಹದ ಮೀರದಂತೆ. ಆದ್ದರಿಂದ ಎಂಜಿನ್ನನ್ನು ಹಿಂದಕ್ಕೆ ಸರಿಸುತ್ತ ಹೋದರು. ಕೊನೆಗೆ 1954ರಲ್ಲಿ ಮಿಕಿ ಥಾಂಪ್ಸನ್ ಓಡಿಸುವವನನ್ನೇ ಹಿಂದಿನ ಅಚ್ಚಿನ ಆಚೆಗೆ ಕೂರಿಸಿದ ಗಾಡಿಯೊಂದನ್ನು ಕಟ್ಟಿದ. ಕವಣೆಯಲ್ಲಿಟ್ಟ ಕಲ್ಲಿನಂತೆ ಮನುಷ್ಯ ಎರಡು ಗಾಲಿಗಳ ಹಿಂದೆ ಕೂರುತ್ತಿದ್ದುದರಿಂದ ಅದಕ್ಕೆ ಕವಣೆಯೆಂದೇ ಹೆಸರಾಯಿತು. ಎಂಜಿನ್ ಎದೆಯ ಮುಂದೆ, ಗೇರುಪೆಟ್ಟಿಗೆ ಕಾಲುಗಳ ನಡುವೆ. ಈ ಮಾತು ಮುಂದೆ ಬೇಕಾಗುತ್ತದೆ.

ಇನ್ನು ಶ್ರುತಿ ಮಾಡುವ ಕೆಲಸ. ಶ್ರುತಿ ಎಂಬ ಪದವನ್ನು ನಾನು ಬೇಕೆಂದೇ ಬಳಸುತ್ತಿದ್ದೇನೆ. ಇಂಗ್ಲಿಷಿನಲ್ಲೂ ವೀಣೆಗೂ ಎಂಜಿನ್ನಿಗೂ ಒಂದೇ ಕ್ರಿಯಾಪದ. ಕಾಸಿಲ್ಲದವನ ಬಳಿ ಅಳೆಯುವ ಯಂತ್ರಗಳಿರಲಿಲ್ಲ. ಒಂದು ಓಟ ಓಡಿ, ಎಂಜಿನ್ನನ್ನು ತಟ್ಟನೆ ನಿಲ್ಲಿಸಿ, ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ ಬೆಳಕಿಗೆ ಹಿಡಿದು ನೋಡುತ್ತಿದ್ದ. ಮಸಿ ಹಿಡಿದು ಕಪ್ಪಾಗಿದ್ದರೆ ಪೆಟ್ರೋಲು ಹೆಚ್ಚು. ಬೆಳ್ಳಗೆ ಸುಟ್ಟಿದ್ದರೆ ಪೆಟ್ರೋಲು ಕಡಮೆ, ಪಿಸ್ಟನ್ ಕರಗುವ ಭಯ. ತಿಳಿಗಂದು ಬಣ್ಣವಿದ್ದರೆ ಹದ ಸರಿ. ಅದಕ್ಕೆ ತಕ್ಕಂತೆ ಕಾರ್ಬ್ಯುರೇಟರಿನ ಜೆಟ್ಟನ್ನು, ತೂತು ಒಂದೆಳೆ ಹೆಚ್ಚೋ ಕಡಮೆಯೋ ಇರುವಂಥದನ್ನು, ಬದಲಿಸುತ್ತಿದ್ದ. ಕಿಡಿ ಹಾರುವ ಗಳಿಗೆಯನ್ನು ಒಂದೆರಡು ಡಿಗ್ರಿ ಹಿಂದೆ ಮುಂದೆ ಮಾಡುತ್ತಿದ್ದ. ಎಲ್ಲಕ್ಕಿಂತ ದೊಡ್ಡ ನಿಯಮ, ಒಮ್ಮೆಗೆ ಒಂದನ್ನೇ ಬದಲಿಸಬೇಕು. ಎರಡನ್ನು ಬದಲಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯದು. ಶಾಲೆಯ ಮೆಟ್ಟಿಲನ್ನು ಅರ್ಧಕ್ಕೆ ಬಿಟ್ಟ ಹುಡುಗರು ವಿಜ್ಞಾನದ ಈ ಮೂಲಸೂತ್ರವನ್ನು ಎಣ್ಣೆಗೈಯಲ್ಲೇ ಕಂಡುಕೊಂಡಿದ್ದರು.

ಗೇರಿನ ಲೆಕ್ಕವೂ ಹಾಗೆಯೇ. 28 ಅಂಗುಲ ಎತ್ತರದ ಗಾಲಿ ಗಂಟೆಗೆ 100 ಮೈಲಿ ವೇಗದಲ್ಲಿ ನಿಮಿಷಕ್ಕೆ ಸುಮಾರು 1200 ಸುತ್ತು ತಿರುಗುತ್ತದೆ. ಹಿಂದಿನ ಅಚ್ಚಿನಲ್ಲಿ 4.11ರ ಗೇರಿದ್ದರೆ ಎಂಜಿನ್ 4900ಕ್ಕೂ ಮೀರಿ ತಿರುಗಬೇಕು; 3.78ರದಿದ್ದರೆ ಸುಮಾರು 4500. ಎಂಜಿನ್ನಿನ ಬಲ ತುತ್ತತುದಿ ಮುಟ್ಟುವ ಗಳಿಗೆ ಮತ್ತು ಗೆರೆ ದಾಟುವ ಗಳಿಗೆ ಒಂದಾಗುವಂತೆ ಗೇರನ್ನು ಆರಿಸಬೇಕು. ಬೇಗ ಮುಟ್ಟಿದರೆ ಕೊನೆಯ ನೂರಡಿಯಲ್ಲಿ ಎಂಜಿನ್ ಅರಚುತ್ತದೆಯೇ ಹೊರತು ಎಳೆಯುವುದಿಲ್ಲ. ತಡವಾದರೆ ಬಲ ಬರುವ ಮೊದಲೇ ಪಂದ್ಯ ಮುಗಿದಿರುತ್ತದೆ.

ಓಡಿಸುವವನ ಕೆಲಸ ಹೆಚ್ಚಾಗಿ ಮೊದಲ ಅರವತ್ತು ಅಡಿಗಳಲ್ಲಿಯೇ ಮುಗಿದುಹೋಗುತ್ತದೆ. ಮೊದಮೊದಲು ಇಬ್ಬರ ನಡುವೆ ನಿಂತವನೊಬ್ಬ ಬಾವುಟ ಎತ್ತುತ್ತಿದ್ದ. ಬಲಗಾಲು ಎಂಜಿನ್ನಿನ ವೇಗವನ್ನು ಒಂದು ಮಟ್ಟದಲ್ಲಿ ಹಿಡಿದಿರಬೇಕು, ಎಡಗಾಲು ಕ್ಲಚ್ಚನ್ನು ಬಿಡಬೇಕು. ಗಕ್ಕನೆ ಬಿಟ್ಟರೆ ಗಾಲಿ ನಿಂತಲ್ಲೇ ಗಿರಗಿರ ತಿರುಗಿ ಹೊಗೆಯೆಬ್ಬಿಸುತ್ತದೆ. ನೋಡುವವರಿಗೆ ಹಬ್ಬ, ಓಡಿಸುವವನಿಗೆ ಸೋಲು. ಮೆಲ್ಲನೆ ಬಿಟ್ಟರೆ ಎಂಜಿನ್ ಉಸಿರುಗಟ್ಟಿ ಕುಗ್ಗುತ್ತದೆ. ಈ ಎರಡರ ನಡುವಿನ ಎಡೆಯನ್ನು ಪಾದವೇ ಕಲಿಯಬೇಕು, ಬಾಯಲ್ಲಿ ಹೇಳಿಕೊಡಲಾಗದು. ಹಗುರ ಗಾಡಿಯವರು ಮೊದಲ ಗೇರನ್ನೇ ಬಿಟ್ಟು ಎರಡರಿಂದ ಹೊರಡುತ್ತಿದ್ದರು. ಹಿಂದಿನ ಟೈರಿನ ಗಾಳಿಯನ್ನು ಇಳಿಸಿ ನೆಲಕ್ಕೆ ಹೆಚ್ಚು ಅಂಟಿಕೊಳ್ಳುವಂತೆ ಮಾಡುತ್ತಿದ್ದರು. ಟೈರಿಗೆ ಗೀರುಗಳೇ ಇಲ್ಲದೆ ನುಣ್ಣಗಿದ್ದರೆ ಒಣ ನೆಲದಲ್ಲಿ ಹಿಡಿತ ಹೆಚ್ಚೆಂದು ಕಂಡುಕೊಂಡು, ಸವೆದ ಟೈರಿನ ಮೇಲೆ ನುಣುಪು ರಬ್ಬರು ಹೊದಿಸಿಕೊಂಡರು.

ಅಗ್ಗದಲ್ಲಿ ಮಾಡಿದ್ದರ ಬೆಲೆಯನ್ನು ಕೆಲವೊಮ್ಮೆ ಮೈಯಿಂದ ತೆರಬೇಕಾಗಿತ್ತು. ಗುಜರಿಯಿಂದ ತಂದ ಎರಕದ ಫ್ಲೈವೀಲು, ಅದನ್ನು ಮಾಡಿದವನು ಕನಸಿನಲ್ಲೂ ಎಣಿಸದ ವೇಗದಲ್ಲಿ ತಿರುಗಿದಾಗ, ಬಾಂಬಿನಂತೆ ಸಿಡಿಯುತ್ತಿತ್ತು. ಚೂರುಗಳು ತಗಡನ್ನು ಸೀಳಿಕೊಂಡು ಕಾಲಿಗೆ ನಾಟುತ್ತಿದ್ದವು. ಅದರ ಸುತ್ತ ದಪ್ಪ ಉಕ್ಕಿನ ಕವಚ ಹಾಕಬೇಕೆಂಬ ನಿಯಮ ಬಂದದ್ದು ಇಂಥ ಗಾಯಗಳ ಅನಂತರ. ಈ ಆಟದ ಕಟ್ಟಳೆಗಳ ಪುಸ್ತಕವನ್ನು ಬಲ್ಲವರು ಅದನ್ನು ಓದುವುದೇ ಬೇರೆ ರೀತಿ. ಒಂದೊಂದು ನಿಯಮದ ಹಿಂದೆಯೂ ಒಬ್ಬನ ಆಸ್ಪತ್ರೆವಾಸವೋ ಒಂದು ಸಮಾಧಿಯೋ ಇದೆ.

ಈ ಹುಡುಗರು ಎಂದಾಗ ಯಾರು ಎಂದು ಕೇಳಬೇಕು. ಬಹುಮಟ್ಟಿಗೆ ಬಿಳಿಯರು. ಆದರೆ ಎಲ್ಲರೂ ಅಲ್ಲ. ಮೆಕ್ಸಿಕೊ ಮೂಲದ ತರುಣರನ್ನು ಲಾಸ್ ಏಂಜಲಿಸಿನ ಬೀದಿಗಳಲ್ಲಿ ಅಟ್ಟಾಡಿಸಿ ಹೊಡೆದ ಗಲಭೆಗಳು ನಡೆದುದು 1943ರಲ್ಲಿ. ಅದಾಗಿ ಹತ್ತು ವರ್ಷ ತುಂಬುವುದರೊಳಗೆ, ಸ್ಯಾನ್ ಡಿಯಾಗೊದ ವಾಕೀನ್ ಆರ್ನೆಟ್ ಎಂಬ ಮೆಕ್ಸಿಕೊ ಮೂಲದ ತರುಣ ತನ್ನ ಗೆಳೆಯರೊಡನೆ ಈ ಹಾದಿಗಳಲ್ಲಿ ಎಲ್ಲರಿಗಿಂತ ಮುಂದಿದ್ದ. ಅವರ ಗುಂಪಿನಲ್ಲಿ ಕರಿಯರೂ ಜಪಾನಿ ಮೂಲದವರೂ ಬಿಳಿಯರೂ ಇದ್ದರು. ಮೆಕ್ಸಿಕೊದವರನ್ನು ಹಂಗಿಸಲು ಅವರು ತಿನ್ನುವ ಹುರುಳಿಯಂಥ ಕಾಳಿನ ಹೆಸರಿನಿಂದ ಕರೆಯುವ ರೂಢಿಯಿತ್ತು. ಆರ್ನೆಟ್ಟನ ಗುಂಪು ಆ ಹೀಯಾಳಿಕೆಯನ್ನೇ ಎತ್ತಿಕೊಂಡು ತಮಗೆ ಬೀನ್ ಬ್ಯಾಂಡಿಟ್ಸ್, ಕಾಳಿನ ಡಕಾಯಿತರು, ಎಂದು ಹೆಸರಿಟ್ಟು, ಅದನ್ನು ಅಂಗಿಯ ಮೇಲೆ ಬರೆಸಿಕೊಂಡಿತು. ಆರ್ನೆಟ್ ಬೆಸುಗೆಯಲ್ಲಿ ನಿಪುಣ. ಸಿಕ್ಕಿದ ಕಬ್ಬಿಣದಿಂದ ಚೌಕಟ್ಟು ಕಟ್ಟಿ ನಿಲ್ಲಿಸುವುದರಲ್ಲಿ ಅವನಿಗೆ ಸಮನಿರಲಿಲ್ಲವೆಂದು ಅವನನ್ನು ಕಂಡವರ ಮಾತು. ಗಡಿಯಾರಕ್ಕೆ ಮೈಬಣ್ಣ ತಿಳಿಯದು. ಗಡಿಯಾರದ ಸುತ್ತ ನಿಂತವರಿಗೆ ತಿಳಿಯುತ್ತಿತ್ತು, ನಿಜ; ಆದರೂ ಅಂಕಿಯನ್ನು ಅಲ್ಲಗಳೆಯುವುದು ಅವರಿಗೆ ಕಷ್ಟವಾಯಿತು.

1951ರಲ್ಲಿ ವಾಲಿ ಪಾರ್ಕ್ಸ್ ರಾಷ್ಟ್ರೀಯ ಹಾಟ್ ರಾಡ್ ಸಂಘವನ್ನು ಸ್ಥಾಪಿಸಿದ. ಬೀದಿಯಿಂದ ಹುಡುಗರನ್ನು ಬಿಡಿಸಿ ಕಣಕ್ಕೆ ತರಬೇಕೆಂಬುದು ಅವನ ವಾದ. ಇದರಲ್ಲಿ ಪತ್ರಿಕೆಯ ವ್ಯಾಪಾರದ ಹಿತವೂ ಬೆರೆತಿತ್ತೆಂದು ಟೀಕಿಸುವವರಿದ್ದಾರೆ. ಇದ್ದಿರಬಹುದು, ಆದರೆ ಅವನು ಮೊದಲು ಕೈಕುಲುಕಿದ್ದು ಪೊಲೀಸರೊಡನೆ ಎಂಬುದನ್ನು ಮರೆಯಬಾರದು. ಸಂಘದ ಮೊದಲ ಅಧಿಕೃತ ಕೂಟ 1953ರ ಏಪ್ರಿಲಿನಲ್ಲಿ ಪಮೋನ ಎಂಬ ಊರಿನಲ್ಲಿ, ಅಲ್ಲಿನ ಪೊಲೀಸರ ಬೆಂಬಲದಿಂದಲೇ ನಡೆಯಿತು. ಆ ಠಾಣೆಯ ಬಡ್ ಕೂನ್ಸ್ ಎಂಬ ಸಾರ್ಜೆಂಟು ಮರುವರ್ಷ ಮೂವರು ಜೊತೆಗಾರರೊಡನೆ ಒಂದು ಕಾರು, ಅದರ ಹಿಂದೊಂದು ಟ್ರೈಲರು ಕಟ್ಟಿಕೊಂಡು ದೇಶ ಸುತ್ತಿದ. ಊರೂರಿಗೆ ಹೋಗಿ, ಪಾಳುಬಿದ್ದ ಓಡುದಾರಿಯನ್ನು ಹುಡುಕಿ, ಗೆರೆ ಎಳೆದು, ಗಡಿಯಾರ ಹೂಡಿ, ಬ್ರೇಕು ಬೆಸುಗೆಗಳನ್ನು ಪರೀಕ್ಷಿಸುವ ಬಗೆಯನ್ನು ಊರವರಿಗೆ ಕಲಿಸಿ ಮುಂದಿನೂರಿಗೆ ನಡೆಯುವುದು ಅವರ ಕೆಲಸ. ನಿನ್ನೆ ದಂಡ ಹಾಕುತ್ತಿದ್ದವನು ಇಂದು ಪಂದ್ಯ ಏರ್ಪಡಿಸಿದ. 1955ರಲ್ಲಿ ಕ್ಯಾನ್ಸಸ್ ರಾಜ್ಯದ ಗ್ರೇಟ್ ಬೆಂಡ್‌ನಲ್ಲಿ, ಬಾಂಬರು ವಿಮಾನಗಳಿಗಾಗಿ ಕಟ್ಟಿದ್ದ ನೆಲದಲ್ಲಿ, ಮೊದಲ ರಾಷ್ಟ್ರೀಯ ಪಂದ್ಯ ಕೂಡಿತು. ಮಳೆ ಬಂದು ನಿಂತುಹೋಗಿ, ಕೊನೆಯ ಓಟಗಳು ಅರಿಜೋನದಲ್ಲಿ ಮುಗಿದು, ಕ್ಯಾಲ್ವಿನ್ ರೈಸ್ ಗೆದ್ದ.

ಅಷ್ಟರಲ್ಲಿ ಇಂಧನದ ಜಗಳ ಹತ್ತಿಕೊಂಡಿತು. ನೈಟ್ರೋಮೀಥೇನ್ ಎಂಬ ದ್ರವವಿದೆ. ಕಾರ್ಖಾನೆಗಳಲ್ಲಿ ಬೇರೆ ಉಪಯೋಗಕ್ಕೆ ಬಳಸುವಂಥದು. ಒಂದು ಕಿಲೊ ಪೆಟ್ರೋಲು ಉರಿಯಲು ಸುಮಾರು 14.7 ಕಿಲೊ ಗಾಳಿ ಬೇಕು. ನೈಟ್ರೋಮೀಥೇನಿಗೆ ಆಮ್ಲಜನಕ ತನ್ನೊಡಲಲ್ಲೇ ಇರುವುದರಿಂದ 1.7 ಕಿಲೊ ಗಾಳಿ ಸಾಕು. ಕಿಲೊ ಲೆಕ್ಕದಲ್ಲಿ ಅದರ ಕಾವು ಪೆಟ್ರೋಲಿನ ಕಾಲುಭಾಗದಷ್ಟೇ. ಆದರೆ ಎಂಜಿನ್ ಒಳಗೆಳೆದ ಅಷ್ಟೇ ಗಾಳಿಗೆ ಎಂಟು ಪಟ್ಟಿಗೂ ಮೀರಿ ಅದನ್ನು ಸುರಿಯಬಹುದು. ಕೂಡಿಸಿ ಕಳೆದರೆ ಬಲ ಇಮ್ಮಡಿಗೂ ಹೆಚ್ಚು. ಎಂಜಿನ್ನುಗಳು ಒಡೆದವು, ವೇಗ ಏರಿತು, ಗೆರೆ ದಾಟಿದ ಮೇಲೆ ನಿಲ್ಲಲು ಹಾದಿ ಸಾಲದಾಯಿತು. 1957ರಲ್ಲಿ ಸಂಘ ಇದನ್ನು ನಿಷೇಧಿಸಿ, ಪೆಟ್ರೋಲಿನಲ್ಲೇ ಓಡಬೇಕೆಂದು ಕಟ್ಟಳೆ ಮಾಡಿತು. ಬಡವರ ಆಟವನ್ನು ಬಡವರಿಗೆ ಉಳಿಸಲೆಂದು ಕೆಲವರು ಅದನ್ನು ಸಮರ್ಥಿಸಿದರು. ನನಗೆ ಈ ವಾದ ಅರ್ಧ ಮಾತ್ರ ಒಪ್ಪಿಗೆ. ಇಂಧನವನ್ನು ಕಟ್ಟಿಹಾಕಿದಾಗ, ಅದೇ ವೇಗವನ್ನು ಪೆಟ್ರೋಲಿನಿಂದ ಪಡೆಯಲು ಎರಡೆರಡು ಎಂಜಿನ್ನುಗಳನ್ನು ಒಂದೇ ಗಾಡಿಗೆ ಹೂಡಿದವರಿದ್ದಾರೆ. ಅದರಲ್ಲಿ ಅಗ್ಗವೇನು ಬಂತು?

ನಿಷೇಧವನ್ನು ಒಪ್ಪದ ಕಣಗಳೂ ಇದ್ದವು. ಅಂಥ ಕಡೆ ಬೆಳೆದವನು ಫ್ಲಾರಿಡ ರಾಜ್ಯದ ಡಾನ್ ಗಾರ್ಲಿಟ್ಸ್. 1930ರ ಷೆವರ್ಲೆ ಕಾರಿನ ಕಂಬಿಗಳಿಂದ ಚೌಕಟ್ಟು ಮಾಡಿದ್ದ ಈತನ ಮೊದಲ ಡ್ರ್ಯಾಗ್‌ಸ್ಟರಿಗೆ ಸ್ವಾಂಪ್ ರ್‍ಯಾಟ್, ಎಂದರೆ ಜೌಗಿನ ಇಲಿ, ಎಂದು ಹೆಸರು. 1957ರ ನವೆಂಬರಿನಲ್ಲಿ ಗಂಟೆಗೆ 176.40 ಮೈಲಿ ಓಡಿದನೆಂಬ ಸುದ್ದಿ ಬಂದಾಗ ಕ್ಯಾಲಿಫೋರ್ನಿಯದವರು ನಂಬಲಿಲ್ಲ. ಫ್ಲಾರಿಡದ ಗಡಿಯಾರ ಕೆಟ್ಟಿದೆ ಎಂದರು. 1959ರ ಮಾರ್ಚಿನಲ್ಲಿ ಬೇಕರ್ಸ್‌ಫೀಲ್ಡಿಗೆ ಬಂದು ಅವರೆದುರು ಓಡಿದಾಗ ಗೆಲ್ಲಲಿಲ್ಲ, ಅಪಹಾಸ್ಯಕ್ಕೂ ಗುರಿಯಾದ. ಅದೇ ವರ್ಷ ಬೆಂಕಿಯಲ್ಲಿ ಮೈ ಸುಟ್ಟುಕೊಂಡ. ಮತ್ತೆ ಬಂದ.

ಇಲ್ಲಿ ಒಂದು ಲೆಕ್ಕವನ್ನು ಹೇಳಬೇಕು. ಟೈರು ನೆಲವನ್ನು ಹಿಡಿಯುವ ಬಲ ಕಾರಿನ ತೂಕವನ್ನು ಮೀರಲಾರದು ಎಂದು ಇಟ್ಟುಕೊಂಡರೆ, ನಿಂತಲ್ಲಿಂದ ಹೊರಟು ಕಾಲು ಮೈಲಿ ಮುಗಿಸಲು 9 ಸೆಕೆಂಡಿಗಿಂತ ಕಡಮೆ ಸಾಲದು; ಕೊನೆಯ ವೇಗ ಗಂಟೆಗೆ 199 ಮೈಲಿಯನ್ನು ದಾಟದು. ಕಾಗದದ ಮೇಲೆ ಇದರಲ್ಲಿ ತಪ್ಪಿಲ್ಲ. ಸಂಘ 1963ರಲ್ಲಿ ನಿಷೇಧವನ್ನು ತೆಗೆಯಿತು. 1964ರ ಆಗಸ್ಟ್ 1ರಂದು ನ್ಯೂಜೆರ್ಸಿಯ ಗ್ರೇಟ್ ಮೆಡೊ ಎಂಬಲ್ಲಿ ಗಾರ್ಲಿಟ್ಸ್ 7.78 ಸೆಕೆಂಡಿನಲ್ಲಿ, 201.34 ಮೈಲಿ ವೇಗದಲ್ಲಿ ಗೆರೆ ದಾಟಿದ. ಮೆತ್ತನೆಯ ಅಗಲವಾದ ರಬ್ಬರು ಬಿಸಿಯೇರಿ ನೆಲದ ತರಿಯೊಳಕ್ಕೆ ಇಳಿದು ಅಂಟಿದಾಗ, ಹಿಡಿತವು ತೂಕವನ್ನೂ ಮೀರಬಹುದೆಂಬುದು ಆ ಲೆಕ್ಕ ಬರೆದವರಿಗೆ ಹೊಳೆದಿರಲಿಲ್ಲ. ಪಂಡಿತರ ಸಮೀಕರಣ ಸರಿ, ಅದರೊಳಗೆ ಇಟ್ಟ ಅಂಕಿ ತಪ್ಪು.

1970ರ ಮಾರ್ಚಿನಲ್ಲಿ ಲಯನ್ಸ್ ಎಂಬ ಹೆಸರಾಂತ ಹಾದಿಯಲ್ಲಿ, ಹೊರಟ ಕ್ಷಣದಲ್ಲೇ ಗಾರ್ಲಿಟ್ಸನ ಗೇರುಪೆಟ್ಟಿಗೆ ಸಿಡಿದು ಕಾರನ್ನು ಎರಡು ತುಂಡಾಗಿಸಿ, ಆತನ ಬಲಪಾದದ ಒಂದು ಭಾಗವನ್ನು ಕೊಯ್ದುಕೊಂಡು ಹೋಯಿತು. ಕವಣೆಗಾಡಿಯಲ್ಲಿ ಅದು ಕಾಲುಗಳ ನಡುವೆ ಇರುತ್ತದೆಂದು ಆಗಲೇ ಹೇಳಿದೆ. ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿ ಆತ ಯೋಚಿಸಿದ್ದು ಎಂಜಿನ್ನನ್ನು ಮನುಷ್ಯನ ಬೆನ್ನ ಹಿಂದಕ್ಕೆ ಕಳಿಸುವ ಬಗೆಯನ್ನು. ಹಿಂದೆ ಹಾಗೆ ಮಾಡಿದವರ ಗಾಡಿಗಳು ನೇರ ಹೋಗದೆ ದಾರಿತಪ್ಪಿದ್ದವು. ಚುಕ್ಕಾಣಿಯ ತಿರುವನ್ನು ನಿಧಾನಗೊಳಿಸುತ್ತ ಹೋದಾಗ ಗಾಡಿ ನೇರವಾಯಿತು. 1971ರಲ್ಲಿ ಅದು ಗೆಲ್ಲತೊಡಗಿತು. ಕೆಲವೇ ವರ್ಷಗಳಲ್ಲಿ ಹಳೆಯ ಕವಣೆಗಳು ಕಣದಿಂದ ಮರೆಯಾದವು. ಎಷ್ಟು ಜನ ಆ ಬದಲಾವಣೆಯಿಂದ ಬದುಕಿಕೊಂಡರೆಂದು ಎಣಿಸಿದವರಿಲ್ಲ. ಅದೇ ದಶಕದಲ್ಲಿ, 1973ರಲ್ಲಿ, ಷರ್ಲಿ ಮಲ್ಡೌನಿ ಈ ಅತಿವೇಗದ ವರ್ಗದಲ್ಲಿ ಓಡಿಸಲು ಪರವಾನಗಿ ಪಡೆದ ಮೊದಲ ಹೆಂಗಸಾದಳು. 1977, 1980, 1982ರಲ್ಲಿ ಆಕೆಯೇ ಚಾಂಪಿಯನ್.

ಆದರೆ ಈ ಎತ್ತರದ ಆಟದಲ್ಲಿ ಗುಜರಿಯ ಹುಡುಗನಿಗೆ ಜಾಗವಿರಲಿಲ್ಲ. ಒಂದೊಂದು ಓಟದ ಅನಂತರವೂ ಎಂಜಿನ್ನನ್ನು ಪೂರ್ತಿ ಬಿಚ್ಚಿ ಹೊಸ ಭಾಗ ಹಾಕುವ ವೈಭವವನ್ನು ಕಂಪನಿಗಳ ಬೆಂಬಲವಿಲ್ಲದೆ ಯಾರು ತಾಳಿಯಾರು? 2008ರಲ್ಲಿ ಸ್ಕಾಟ್ ಕಲಿಟ ಎಂಬ ಓಟಗಾರ ಮಡಿದ ಮೇಲೆ ಆ ವರ್ಗದವರ ಹಾದಿಯನ್ನು 1000 ಅಡಿಗೆ ಇಳಿಸಿದರು. ಕಾಲು ಮೈಲಿಯೆಂಬ ಮೂಲ ಅಳತೆಯೇ ಅಲ್ಲಿ ಇಲ್ಲವಾಯಿತು. ಹಾದಿಗಳೂ ಒಂದೊಂದಾಗಿ ಹೋದವು. ಸಾಂತಾ ಆನಾ 1959ರಲ್ಲಿ ಮುಚ್ಚಿತು. ಇಂದು ಅಲ್ಲಿ ಇಳಿಯುವುದು ಜೆಟ್ ವಿಮಾನಗಳು. ಲಯನ್ಸ್ 1972ರ ಡಿಸೆಂಬರಿನಲ್ಲಿ ಕಡೆಯ ಓಟ ಕಂಡಿತು. ಊರು ಬೆಳೆದು ಪಕ್ಕಕ್ಕೆ ಬಂದು ನಿಂತಾಗ, ಮೊದಲು ಇದ್ದವರೇ ಎದ್ದು ಹೋಗಬೇಕಾಗುತ್ತದೆ.

ಹಾಗಾದರೆ ಮನೆಯಲ್ಲಿ ಕಾರು ಕಟ್ಟುವವನು ಎಲ್ಲಿ ಹೋದ? ಅವನಿಗೊಂದು ಆಸರೆಯನ್ನು ಆಟವೇ ಹುಡುಕಿಕೊಟ್ಟಿತು. 1963ರಲ್ಲಿ ಬಾವುಟದವನ ಜಾಗಕ್ಕೆ ದೀಪಗಳ ಒಂದು ಕಂಬ ಬಂತು. ಹಳದಿ ದೀಪಗಳು ಮೇಲಿನಿಂದ ಕೆಳಗೆ ಒಂದಾದ ಮೇಲೊಂದು ಹತ್ತಿ, ಕೊನೆಗೆ ಹಸಿರು. ಬಣ್ಣದ ದೀಪಗಳಿಂದಾಗಿ ಅದಕ್ಕೆ ಕ್ರಿಸ್ಮಸ್ ಮರವೆಂದು ಹೆಸರು. ಈ ಕಂಬದಿಂದ ಇಬ್ಬರಿಗೂ ಬೇರೆಬೇರೆ ಗಳಿಗೆಯಲ್ಲಿ ಹಸಿರು ತೋರಿಸಬಹುದು. ಇದನ್ನು ಹಿಡಿದು 1970ರ ದಶಕದಲ್ಲಿ ಬೆಳೆದುದೇ ಬ್ರ್ಯಾಕೆಟ್ ಪಂದ್ಯ. ತನ್ನ ಕಾರು ಎಷ್ಟು ಸೆಕೆಂಡಿನಲ್ಲಿ ಹಾದಿ ಮುಗಿಸುತ್ತದೆಂದು ಪ್ರತಿಯೊಬ್ಬನೂ ಮೊದಲೇ ಸಾರಬೇಕು. ನಿಧಾನದವನಿಗೆ ವ್ಯತ್ಯಾಸದಷ್ಟು ಮೊದಲೇ ಹಸಿರು. ಸಾರಿದ್ದಕ್ಕಿಂತ ಬೇಗ ಓಡಿದರೆ ಸೋಲು! ಕಡಮೆ ಹೇಳಿ ಗೆಲ್ಲುವ ಠಕ್ಕಿಗೆ ಹೀಗೆ ಬೀಗ ಬಿತ್ತು. ಇಲ್ಲಿ ಬೆಲೆ ಹಣಕ್ಕಲ್ಲ, ತನ್ನ ಗಾಡಿಯನ್ನು ತಾನು ಅರಿತಿರುವುದಕ್ಕೆ. ಹದಿನಾರು ಸೆಕೆಂಡಿನ ಮುದಿ ಕಾರು ಹತ್ತು ಸೆಕೆಂಡಿನ ಬೆಡಗುಗಾರನನ್ನು ಸೋಲಿಸಬಹುದು, ಸೋಲಿಸುತ್ತದೆ.

ಇದರಲ್ಲಿ ಗಾಳಿಯೂ ಒಬ್ಬ ಪಾತ್ರಧಾರಿ. ಬಿಸಿಲೇರಿದಂತೆ ಗಾಳಿ ತೆಳುವಾಗಿ ಎಂಜಿನ್ ಸೊರಗುತ್ತದೆ. ಸಂಜೆ ತಂಪಾದಾಗ ಮತ್ತೆ ಚುರುಕಾಗುತ್ತದೆ. ಅದರ ಪ್ರಮಾಣವನ್ನು ಸೆಕೆಂಡಿನ ನೂರರಲ್ಲೊಂದು ಪಾಲಿನವರೆಗೆ ಊಹಿಸಬೇಕು. ಸಾರಿದ ಅಂಕಿಯನ್ನು ಕಾರಿನ ಕಿಟಕಿಯ ಗಾಜಿನ ಮೇಲೆ ಬರೆಯುವುದು ಪದ್ಧತಿ, ಬರೆಯಲು ಬಿಳಿಯ ಬೂಟ್ ಪಾಲಿಶು. ಮಧ್ಯಾಹ್ನದ ಓಟಕ್ಕೆ 14.62 ಎಂದು ಬರೆದಿದ್ದವನು, ಹೊತ್ತಿಳಿದು ಗಾಳಿ ತಣ್ಣಗಾದದ್ದನ್ನು ಕೆನ್ನೆಯ ಮೇಲೆ ಅರಿತು, ಒರೆಸುವ ಬಟ್ಟೆಯಿಂದ ಕೊನೆಯ ಎರಡು ಅಂಕಿಗಳನ್ನು ಅಳಿಸಿ, ಒಂದು ಗಳಿಗೆ ಯೋಚಿಸಿ, 57 ಎಂದು ಬರೆದು ಸರದಿಯ ಸಾಲಿಗೆ ಹೋಗುತ್ತಾನೆ.